ಹಬ್ಬದ ಟಿಕೆಟ್ಟಿಗೆ ಎರಡು ಬಾಗಿಲು

ನನ್ನ ಗಂಡ ಗಿಸೊಪ್ ಮೊಂಡು ಮನುಷ್ಯ. ಮದುವೆಯಾಗಿ ನಲವತ್ತೊಂದು ವರ್ಷವಾಯಿತು, ತಪ್ಪು ತಮ್ಮದೆಂದು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. ಸುಗ್ಗಿಯ ಚುಸೋಕ್ ಹಬ್ಬವೆಂದರೆ ಅವರಿಗೆ ಸುಂಚೋನ್‌ನಲ್ಲಿರುವ ಅಣ್ಣನ ಮನೆ. ಗಾಂಗ್‌ನುಂಗ್‌ನಲ್ಲಿರುವ ನನ್ನ ಅಕ್ಕನಿಗೆ ಎಂಬತ್ತಾರು ದಾಟಿದೆ. ಒಂದು ಹಬ್ಬಕ್ಕೂ ನಾವು ಅಲ್ಲಿಗೆ ಹೋಗಿಲ್ಲ.

ಈ ವರ್ಷ ಜಗಳವಾಡಿ ಒಪ್ಪಂದಕ್ಕೆ ಬಂದೆವು. ರೈಲು ಟಿಕೆಟ್ ಯಾರಿಗೆ ಮೊದಲು ಸಿಗುತ್ತದೋ ಅವರ ಕಡೆ ಹಬ್ಬ. ಹಿರಿಯರಿಗೆ ಮೀಸಲಾದ ದಿನ, ಬೆಳಿಗ್ಗೆ ಒಂಬತ್ತಕ್ಕೆ ಬುಕಿಂಗ್ ಶುರು. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವಳು ಅದೃಷ್ಟವನ್ನು ನಂಬಿ ಕೂರುತ್ತಾಳೆಯೇ? ಗೆಲುವು ನನ್ನದೇ ಎಂದು ಸಾರಿದೆ.

ಹಳೆಯ ಕಂಪ್ಯೂಟರೊಂದನ್ನು ಚಪ್ಪಲಿ ಗೂಡಿನ ಪಕ್ಕ ಕೂರಿಸಿ ಪ್ರಾಕ್ಸಿ ಸರ್ವರ್ ಮಾಡಿದೆ. ಮನೆಯ ಯಂತ್ರಗಳೆಲ್ಲ ಅದರ ಮೂಲಕವೇ ಇಂಟರ್ನೆಟ್ಟಿಗೆ ಹೋಗಬೇಕು. ಒಮ್ಮೆ ತಂದ ಚಿತ್ರ-ಗಿತ್ರಗಳನ್ನು ಅದು ಕೂಡಿಟ್ಟುಕೊಂಡು ಮುಂದಿನ ಸಲ ತಟ್ಟನೆ ಕೊಡುತ್ತದೆ. ಯಾವ ಪೋರ್ಟಿನಲ್ಲಿ, ಅಂದರೆ ಯಾವ ಬಾಗಿಲಲ್ಲಿ, ಕರೆಗೆ ಕಾದಿರಬೇಕೆಂದು ಅದಕ್ಕೆ ಬರೆದುಕೊಡಬೇಕು. ನಾನು ಎರಡು ಬಾಗಿಲು ಬರೆದೆ. 3128 ನನಗೆ, ಪೂರ್ಣ ವೇಗ. 3129 ಗಿಸೊಪ್‌ಗೆ, ಆಮೆ ವೇಗ. ಇದನ್ನು ಮೋಸ ಎನ್ನುವವರು ಸುಂಚೋನ್‌ನಲ್ಲಿ ನಲವತ್ತೊಂದು ಹಬ್ಬ ಪಾತ್ರೆ ತೊಳೆದು ಬಂದು ಮಾತಾಡಲಿ. ಅಕ್ಕಪಕ್ಕದವರು ನುಸುಳದಂತೆ ನನ್ನ ಬಾಗಿಲಿಗೆ ಒಂದು ವಿಳಾಸವನ್ನೂ ಗೊತ್ತುಮಾಡಿದೆ. ಆ ಕಂಪ್ಯೂಟರಿನ ಮುಂದೆಯೇ ಕೂತು ಪರೀಕ್ಷಿಸಿದೆ. ಅದರ ಕಪ್ಪು ಪರದೆಯಲ್ಲಿ ಬರೀ ಅಕ್ಷರ, ಟಿಕೆಟ್ ಕೊಳ್ಳಲು ಬರುವುದಿಲ್ಲ. ಆದರೆ ಉತ್ತರ ಮಿಂಚಿನಂತೆ ಬಂತು.

ಒಂಬತ್ತಾಯಿತು. ಊಟದ ಮೇಜಿನ ಮೇಲಿದ್ದ ನನ್ನ ಲ್ಯಾಪ್‌ಟಾಪ್ "ಸಂಪರ್ಕ ನಿರಾಕರಿಸಲಾಗಿದೆ" ಎಂದಿತು.

"ನಂದು ತೆರೀತಪ್ಪ," ಎಂದರು ಎದುರಿಗೆ ಕೂತಿದ್ದ ಗಿಸೊಪ್. "ಸರತಿಯಲ್ಲಿ ಹನ್ನೊಂದು ಸಾವಿರ ಜನ ಮುಂದಿದಾರೆ. ನಿಂದೇನಾಯ್ತು?"

"ಸುಮ್ನಿರ್ರಿ."

ಓಡಿಹೋಗಿ ಬರೆದದ್ದನ್ನು ನೋಡಿದೆ. 127.0.0.1. ಆ ವಿಳಾಸ ಕೊಟ್ಟರೆ ಬಾಗಿಲು ಅದೇ ಯಂತ್ರದೊಳಗಿನ ಕರೆಗಷ್ಟೇ ಓಗೊಡುತ್ತದೆ ಎಂದು ಅಲ್ಲಿಂದಲೇ ಕೂಗಿ ಹೇಳಿದೆ.

"ತನ್ನ ಮಾತು ತಾನೇ ಕೇಳುತ್ತಾ? ಯಾರ್ ಕಲಿಸಿದ್ರೋ," ಎಂದರು ಗಿಸೊಪ್. "ಹೋಗ್ಲಿ, ನನ್ನ ಬಾಗಿಲಿಂದಲೇ ಬಾ."

"ಅದು ತೆವಳುತ್ತೆ ಕಣ್ರೀ."

"ತೆವಳುತ್ತೆ ಅಂತ ನಿಂಗ್ ಹೇಗ್ ಗೊತ್ತು, ಪ್ರೊಫೆಸರಮ್ಮ?"

ಕೇಳಿಸದವಳಂತೆ ಕೀಲಿಮಣೆಗೆ ಬಾಗಿದೆ.

ವಿಳಾಸ ಅಳಿಸಿದೆ. ಇನ್ನು ಸರ್ವರನ್ನು ಮತ್ತೆ ಚಾಲೂ ಮಾಡಬೇಕು. ಮಾಡಿದರೆ ಅವರ ಸಂಪರ್ಕವೂ ಕಡಿದು ಸರತಿ ತಪ್ಪುತ್ತದೆ. ಹಾಗೆಂದು ಅವರಿಗೂ ಹೇಳಿ ಗುಂಡಿಯ ಮೇಲೆ ಬೆರಳಿಟ್ಟೆ.

"ಒತ್ತು," ಎಂದರು ಗಿಸೊಪ್ ಪರದೆಯಿಂದ ಕಣ್ಣೆತ್ತದೆ. "ಹಬ್ಬದ ದಿನ ಇಲ್ಲೇ ನೂಡಲ್ಸ್ ಬೇಯಿಸ್ಕೊಂಡ್ ತಿನ್ನೋಣ."

ಬೆರಳು ತೆಗೆದೆ. ನಾನೇ ನಿಧಾನ ಮಾಡಿಟ್ಟ ಬಾಗಿಲಲ್ಲಿ ಸರತಿ ಸವೆಯುವುದನ್ನು ಅವರ ಬೆನ್ನ ಹಿಂದೆ ನಿಂತು ಐವತ್ತು ನಿಮಿಷ ನೋಡಿದೆ. ಕೊನೆಗೆ ಅವರ ಸರದಿ ಬಂತು. ಕಾಫಿ ಬೇಕೆಂದರು. ಸೋತವಳು, ಮಾಡಲು ಹೋದೆ.

ಲೋಟ ಹಿಡಿದು ಬರುವಷ್ಟರಲ್ಲಿ ಗಿಸೊಪ್ ಫೋನಿನಲ್ಲಿದ್ದರು.

"ಇಲ್ಲ ಅಣ್ಣ, ಈ ಸಲ ಬರಕ್ಕಾಗಲ್ಲ. ಟಿಕೆಟ್ ಸಿಕ್ತು, ಆದ್ರೆ ಗಾಂಗ್‌ನುಂಗ್‌ಗೆ... ಛೆ ಛೆ, ಅವಳದ್ದೇನೂ ಇಲ್ಲ. ನಾನೇ ಊರು ನೋಡ್ದೆ ಒತ್ಬಿಟ್ಟೆ. ತಪ್ಪು ನಂದೇ."