ಹತ್ತೊಂಬತ್ತು ಮೊಡವೆಗಳ ಹಾಜರಿ

ಆಫೀಸಿನ ಫೋಟೊದಲ್ಲಿ ಒಂದೇ ಒಂದು ಮೊಡವೆ ಕಂಡರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ! ಮುಖ ನೋಡಿ ಹಾಜರಿ ಹಾಕುವ ಯಂತ್ರ ಬರುತ್ತದೆ, ಅದಕ್ಕೆ ಎಲ್ಲರ ಫೋಟೊ ಬೇಕು ಎಂದು ತಿಳಿದ ದಿನವೇ ಹೀಗೆ ಶಪಥ ಮಾಡಿದೆ. ನಲವತ್ತೊಂದನೆಯ ವಯಸ್ಸಿಗೆ ಏಳು ಮೊಡವೆ! ಮಗಳಿಗೆ ಬರಬೇಕಾದವು ದಾರಿ ತಪ್ಪಿ ನನಗೆ ಬಂದಿದ್ದವು.

ಫೋಟೊ ತೆಗೆಯುವ ದಿನ ಒಂದೂವರೆ ಗಂಟೆ ಕನ್ನಡಿಯ ಮುಂದೆ ಕೂತೆ. ಕ್ರೀಮು, ಅದರ ಮೇಲೆ ಫೌಂಡೇಶನ್, ಅದರ ಮೇಲೆ ಪೌಡರ್. ಗೋಡೆಗೆ ಸುಣ್ಣ ಬಳಿಯುವವರಿಗೂ ಇಷ್ಟು ಶ್ರದ್ಧೆ ಇರುವುದಿಲ್ಲ.

ಗಂಡ ಇಣುಕಿದರು. "ಯಾರು ಬೇಕಾಗಿತ್ತು?"

"ಹೊಟ್ಟೆಕಿಚ್ಚು ಪಡ್ಬೇಡ್ರೀ!" ಎಂದು ಹೊರಟೆ.

ಫೋಟೊ ಆಯಿತು. ದಿನಾ ಒಂದೂವರೆ ಗಂಟೆ ಯಾರು ಕೂರುತ್ತಾರೆಂದು ಮರುದಿನ ಬರಿಮುಖದಲ್ಲಿ ಹೋಗಿ ನಿಂತರೆ ಕೆಂಪು ದೀಪ! "ಗುರುತು ಸಿಗಲಿಲ್ಲ." ಬಗ್ಗಿದೆ, ನಕ್ಕೆ, ಹಲ್ಲು ಕಿರಿದೆ. ಊಹೂಂ!

"ಗೈರುಹಾಜರಿ ಬಿತ್ತು ಮೇಡಂ," ಎಂದರು ಹೆಡ್ ಕ್ಲರ್ಕ್.

"ಎದುರಿಗೇ ಇದ್ದೀನಲ್ಲ ಸರ್!"

"ನನಗೆ ಕಾಣ್ತೀರಿ. ಅದಕ್ಕೆ ಕಾಣ್ಬೇಕಲ್ಲ?"

ತಂಗಿಯ ಹೆರಿಗೆಗೆಂದು ಉಳಿಸಿಟ್ಟ ರಜೆಯಲ್ಲಿ ಒಂದು ದಿನ ಮಾಯ! ಅಲ್ಲಿಂದ ದಿನವೂ ಮೇಕಪ್. ಅದರಡಿ ಉಸಿರುಗಟ್ಟಿದ ಏಳು ಮೊಡವೆಗಳು ಹತ್ತೊಂಬತ್ತಾದವು. ಎಷ್ಟು ಮೆತ್ತಿದರೂ ಅಡಗಲಿಲ್ಲ. ಮತ್ತೆ ಕೆಂಪು ದೀಪ, ಮತ್ತೊಂದು ರಜೆ. ತಂಗಿಗೆ ಏನೆಂದು ಹೇಳಲಿ? ಆಫೀಸಿನ ಶೌಚಾಲಯಕ್ಕೆ ಹೋಗಿ ಅತ್ತುಬಿಟ್ಟೆ. ಬಣ್ಣ ಇಳಿದೀತೆಂದು ಅದನ್ನೂ ಮನಸಾರೆ ಅಳಲಾಗಲಿಲ್ಲ.

"ಮುಖ ತೊಳ್ಕೊಂಡು ಬನ್ನಿ, ಬೇರೆ ಫೋಟೊ ತೆಗೆಯೋಣ," ಎಂದರು ಹೆಡ್ ಕ್ಲರ್ಕ್.

ಇಡೀ ಆಫೀಸಿನ ಎದುರು ಹತ್ತೊಂಬತ್ತೂ ಮೊಡವೆಗಳ ಸಮೇತ ನಿಂತೆ. ಹಸಿರು ದೀಪ! ಮಾನ ಹೋಯಿತು, ರಜೆ ಉಳಿಯಿತು. ಮೇಕಪ್ ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಎಸೆದೆ.

ಮೇಕಪ್ ಬಿಟ್ಟದ್ದೇ ತಡ, ಮೂರು ವಾರದಲ್ಲಿ ಮೊಡವೆಗಳೆಲ್ಲ ಗಂಟುಮೂಟೆ ಕಟ್ಟಿದವು. ನುಣ್ಣನೆಯ ಮುಖ ಹೊತ್ತು ಜಂಬದಿಂದ ಯಂತ್ರದೆದುರು ನಿಂತೆ.

"ಗುರುತು ಸಿಗಲಿಲ್ಲ."

"ಸರ್, ಇನ್ನೊಂದೇ ಒಂದು ಫೋಟೊ!"

"ಒಬ್ಬರಿಗೆ ಎರಡೇ ಸಲ ಮೇಡಂ. ಇನ್ನು ಮುಂದಿನ ವರ್ಷ."

ಈಗ ದಿನವೂ ಬೆಳಿಗ್ಗೆ ಲಿಪ್‌ಸ್ಟಿಕ್ಕಿನಲ್ಲಿ ಹತ್ತೊಂಬತ್ತು ಮೊಡವೆ ಬರೆದುಕೊಳ್ಳುತ್ತೇನೆ. ನಿನ್ನೆ ಬಸ್ ನಿಲ್ದಾಣದಲ್ಲಿ ಹತ್ತಾರು ಜನರ ನಡುವೆ ನಿಂತಿದ್ದಾಗ ಗಂಡ ಏದುಸಿರು ಬಿಡುತ್ತಾ ಓಡಿಬಂದರು.

"ಲೇ, ನಿಲ್ಲೇ! ಮೂಗಿನ ಮೇಲಿಂದು ಮರೆತು ಬಂದಿದೀಯ!"