ಗುಡುಗಿಗೆ ತೆಗೆದ ಪ್ಲಗ್

"ಸತ್ತಿಲ್ಲ ಶೆಟ್ರೇ, ಉಸಿರು ಉಂಟು," ಎಂದ ಅಶ್ರಫ್, ಲ್ಯಾಪ್‌ಟಾಪಿನ ಬೆನ್ನಿಗೆ ಕಿವಿ ಒತ್ತಿಕೊಂಡು.

ಭೋಜ ಶೆಟ್ಟರಿಗೆ ಆ ಮಾತಿನಿಂದ ಏನೂ ಸಮಾಧಾನವಾಗಲಿಲ್ಲ. ಪಕ್ಕದ ಮನೆಯ ಅಶ್ರಫ್ ಅಳದಂಗಡಿ ಸುತ್ತಮುತ್ತಲಿನ ಪಂಪ್‌ಸೆಟ್‌ಗಳನ್ನೆಲ್ಲ ರಿಪೇರಿ ಮಾಡುವವನು. ಯಂತ್ರ ಎಂದ ಮೇಲೆ ಎಲ್ಲದರ ರೋಗವೂ ಒಂದೇ, ಒಳಗೆ ಎಲ್ಲೋ ಗಾಳಿ ಸಿಕ್ಕಿಕೊಂಡಿದೆ ಎಂಬುದು ಅವನ ಸಿದ್ಧಾಂತ.

ಲ್ಯಾಪ್‌ಟಾಪ್ ಶೆಟ್ಟರದ್ದಾಗಿದ್ದರೆ ಅವರು ಇಷ್ಟು ಬೆವರುತ್ತಿರಲಿಲ್ಲ. ಅದು ಸೊಸೆ ದೀಕ್ಷಿತಾಳದ್ದು. ಮಂಗಳೂರಿನ ಒಂದು ಕಂಪೆನಿಯ ಕೆಲಸವನ್ನು ಅವಳು ಮನೆಯಲ್ಲೇ ಕೂತು ಮಾಡುತ್ತಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆದರೆ ಶೆಟ್ಟರು ಸೆಲೂನಿನಿಂದ ಸೊಸೈಟಿಯವರೆಗೆ, ಕೇಳಿದವರಿಗೂ ಕೇಳದವರಿಗೂ, ಸೊಸೆಯ ಕೆಲಸದ ಸುದ್ದಿ ಹೇಳಿ ಮುಗಿಸಿದ್ದರು. ಬೆಳಿಗ್ಗೆ ಅವಳು ಚಿಕ್ಕಮ್ಮನ ಮಗಳ ಮೆಹಂದಿಗೆಂದು ಮೂಡಬಿದ್ರೆಗೆ ಹೊರಡುವಾಗ ಹೇಳಿದ್ದು ಇಷ್ಟೇ: "ಇವತ್ತು ನಂಗೆ ರಜೆ ಮಾವ. ಲ್ಯಾಪ್‌ಟಾಪ್ ಅಪ್‌ಡೇಟ್‌ಗೆ ಹಾಕಿದ್ದೇನೆ. ಬ್ಯಾಟರಿ ಹೋಗಿದೆ ಅದರದ್ದು, ಪ್ಲಗ್ ಮಾತ್ರ ಮುಟ್ಟಬೇಡಿ."

ಮುಟ್ಟುವ ಯೋಚನೆ ಶೆಟ್ಟರಿಗೂ ಇರಲಿಲ್ಲ. ಆದರೆ ಮಧ್ಯಾಹ್ನ ಅನ್ನಕ್ಕೆ ಸಾರು ಕಲಸುತ್ತಿರುವಾಗ ಗುಡುಗಿತು. ಗುಡುಗು ಕೇಳಿದ ಮೇಲೆ ಈ ಕಡೆಯ ಮನುಷ್ಯನ ಕೈ ತಲೆಯ ಅಪ್ಪಣೆಗೆ ಕಾಯುವುದಿಲ್ಲ. ಟಿ.ವಿ., ಫ್ರಿಡ್ಜ್, ಮೋಡೆಮ್, ಮಿಕ್ಸಿ, ಎಲ್ಲದರ ಪ್ಲಗ್ ಕಿತ್ತರೇ ಜೀವಕ್ಕೆ ಸಮಾಧಾನ. ಶೆಟ್ಟರು ಎಂಜಲು ಕೈಯನ್ನು ಮೇಲೆತ್ತಿ ಹಿಡಿದು, ಎಡಗೈಯಲ್ಲಿ ಪ್ಲಗ್ ಕೀಳುತ್ತ ಮನೆಯಿಡೀ ಓಡಿದರು. ಕೊನೆಯದನ್ನು ಕಿತ್ತು ನೋಡಿದರೆ ನಿಂತದ್ದು ಸೊಸೆಯ ಕೋಣೆಯಲ್ಲಿ. ಮಳೆ ಒಂದು ಹನಿಯೂ ಬೀಳಲಿಲ್ಲ.

ಕೂಡಲೇ ಪ್ಲಗ್ ವಾಪಸು ಸಿಕ್ಕಿಸಿದರು. ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕೆಗಳು ಮೂಡಿ, ಬಸ್ಸು ತಪ್ಪಿದವನು ಸ್ಟ್ಯಾಂಡಿನಲ್ಲಿ ಸುತ್ತು ಹಾಕುವ ಹಾಗೆ ಸುತ್ತಿದವು. ಮತ್ತೆ ಕತ್ತಲೆ. ಮತ್ತೆ ಚುಕ್ಕೆ. ಶೆಟ್ಟರು ಅದರ ಎದುರು ಕೈ ತೊಳೆಯದೆ ಕೂತರು. ಕೈಯಲ್ಲಿದ್ದ ಅನ್ನ ಒಣಗಿತು.

ಹೆಂಡತಿ ವಾರಿಜಾಕ್ಷಿ ಬಂದು ನೋಡಿ, ಕೊರಗಜ್ಜ ದೈವಕ್ಕೆ ಚಕ್ಕುಲಿ ವೀಳ್ಯದ ಹರಕೆ ಹೇಳಿಕೊಳ್ಳಿ ಅಂದರು. ಅಜ್ಜನಿಗೆ ಹೇಳುವುದು ಏನಾದರೂ ಕಳೆದುಹೋದಾಗ ಅಲ್ಲವಾ, ಇದು ಕಣ್ಣೆದುರಿಗೇ ಉಂಟಲ್ಲ ಅಂದರು ಶೆಟ್ಟರು.

"ಡಬ್ಬಿ ಉಂಟು. ಒಳಗೆ ಇದ್ದದ್ದು ಕಳೆದುಹೋಗಿದೆಯಲ್ಲ?" ಎಂದರು ವಾರಿಜಾಕ್ಷಿ. ಶೆಟ್ಟರು ಎದ್ದು ಕೈ ತೊಳೆದು ಬಂದರು. ಹೇಳಿಕೊಂಡರು.

ಆಮೇಲೆ ಅಶ್ರಫ್ ಬಂದದ್ದು, ಕಿವಿ ಇಟ್ಟದ್ದು. ಅವನು ಸ್ವಿಚ್ಚನ್ನು ಬಲವಾಗಿ ಒತ್ತಿ ಹಿಡಿದ, ಬಿಟ್ಟ, ಮಗುಚಿ ಹಾಕಿ ಮಗುವಿಗೆ ತೇಗು ಬರಿಸುವ ಹಾಗೆ ಬೆನ್ನು ತಟ್ಟಿದ. ಕೊನೆಗೆ ಇದು ತನ್ನಿಂದ ಆಗುವ ಕೇಸಲ್ಲ, ಗುರುವಾಯನಕೆರೆಯ ಕಂಪ್ಯೂಟರ್ ಅಂಗಡಿಗೆ ಹೋಗುವ ಎಂದ. ಲ್ಯಾಪ್‌ಟಾಪನ್ನು ಮೈ ಒರಸುವ ಬೈರಾಸಿನಲ್ಲಿ ಸುತ್ತಿ ಎದೆಗವಚಿಕೊಂಡು ಶೆಟ್ಟರು ಅವನ ಸ್ಕೂಟರಿನ ಹಿಂದೆ ಕೂತರು. ದಾರಿಯಲ್ಲಿ ಸಿಕ್ಕ ಇಬ್ಬರು, ಮಗು ಯಾರದ್ದು, ಜ್ವರವಾ ಎಂದು ಕೇಳಿದರು.

ಅಂಗಡಿ ಇಟ್ಟಿದ್ದವಳು ಶ್ರೀಪ್ರಿಯಾ ಎಂಬ ಮುಂಡಾಜೆಯ ಹುಡುಗಿ. ಪರದೆ ನೋಡಿದವಳೇ, ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. "ಅಪ್‌ಡೇಟ್ ಆಗುವಾಗ ಪ್ಲಗ್ ತೆಗೆದದ್ದು ಯಾರು?"

"ಗುಡುಗು ಬಂತು," ಎಂದರು ಶೆಟ್ಟರು.

"ಗುಡುಗೇ ಬಂದು ತೆಗೆಯಿತಾ ಅಂಕಲ್?"

ಜೆರಾಕ್ಸ್‌ಗೆ ಬಂದಿದ್ದವರು ನಕ್ಕರು. ಶ್ರೀಪ್ರಿಯಾ ಅದೇನೋ ನೀಲಿ ಪರದೆ ತರಿಸಿ, ವೈದ್ಯರು ಎಕ್ಸ್‌ರೇ ನೋಡುವಂತೆ ಹುಬ್ಬು ಗಂಟಿಕ್ಕಿದಳು. ಅರ್ಧಕ್ಕೆ ನಿಂತ ಅಪ್‌ಡೇಟನ್ನು ತೆಗೆದು ಹಳೆಯದಕ್ಕೆ ವಾಪಸು ಕಳಿಸಿ ನೋಡ್ತೇನೆ, ಹೋಗದಿದ್ದರೆ ಒಳಗಿದ್ದದ್ದೆಲ್ಲ ಅಳಿಸಿ ಹೊಸತಾಗಿ ಹಾಕಬೇಕಾಗ್ತದೆ ಎಂದಳು. ಅಳಿಸುವುದು ಎಂಬ ಶಬ್ದ ಕೇಳಿದ್ದೇ ಶೆಟ್ಟರು ಖಾಲಿ ಬೈರಾಸನ್ನು ಎದೆಗವಚಿಕೊಂಡರು. ಸೊಸೆಯ ಕೆಲಸ, ತನ್ನ ಮರ್ಯಾದೆ, ಸೆಲೂನಿನಲ್ಲಿ ಹೇಳಿದ ಮಾತು, ಎಲ್ಲ ಒಟ್ಟಿಗೇ ಅಳಿಸಿಹೋದಂತೆ ಕಂಡಿತು.

ಸರಿಯಾಗಿ ಆಗಲೇ ದೀಕ್ಷಿತಾಳ ಫೋನ್ ಬಂತು. "ಮಾವ, ಅಲ್ಲಿ ಗುಡುಗು ಬಂತಾ?"

"ಇಲ್ಲಿ? ಇಲ್ಲವಲ್ಲ. ಒಳ್ಳೆ ಬಿಸಿಲುಂಟು. ನಾನು ಮನೆಯಲ್ಲೇ ಮಲಗಿದ್ದೇನೆ."

ಬೆನ್ನ ಹಿಂದೆ, ಅಂಗಡಿಯ ಎದುರು ನಿಂತ ಬಸ್ಸಿನ ಕಂಡಕ್ಟರ್ ಮೂಡಬಿದ್ರೆ, ಮೂಡಬಿದ್ರೆ ಎಂದು ಗಂಟಲು ಹರಿಯುವಂತೆ ಕೂಗಿದ. ಅದು ಟಿ.ವಿ. ಎಂದರು ಶೆಟ್ಟರು. ಟಿ.ವಿ.ಯಲ್ಲಿ ಯಾಕೆ ಮೂಡಬಿದ್ರೆ ಎಂದು ಅವಳು ಕೇಳುವ ಮೊದಲೇ ಫೋನ್ ಇಟ್ಟರು.

ಹೊರಗೆ ಚಾ ಕುಡಿಯುವ ಎಂದು ಅಶ್ರಫ್ ಕರೆದರೂ ಹೋಗಲಿಲ್ಲ. ಚುಕ್ಕೆಗಳು ಸುತ್ತುತ್ತಿದ್ದವು, ಶೆಟ್ಟರ ಕಣ್ಣೂ ಸುತ್ತುತ್ತಿತ್ತು. ಅಂತೂ ಒಂದು ಗಳಿಗೆಯಲ್ಲಿ ಪರದೆ ಬೆಳಗಿ, ದೀಕ್ಷಿತಾ ಮತ್ತು ಮಗ ರಂಜಿತನ ಮದುವೆಯ ಫೋಟೋ ಕಾಣಿಸಿತು. ಆ ಫೋಟೋ ಕಂಡು ಶೆಟ್ಟರಿಗೆ ಆದ ಸಂತೋಷ ಆ ಮದುವೆಯ ದಿನವೂ ಆಗಿರಲಿಲ್ಲ. ಏನೂ ಹೋಗಿಲ್ಲ ಅಂಕಲ್, ಎಲ್ಲ ಇದ್ದಲ್ಲಿಯೇ ಉಂಟು ಎಂದಳು ಶ್ರೀಪ್ರಿಯಾ.

ಸಂಜೆ ಮನೆಗೆ ತಂದು, ಮೊದಲಿದ್ದ ಜಾಗದಲ್ಲೇ ಇಟ್ಟು, ಅದರದ್ದೂ ಮೋಡೆಮ್‌ನದ್ದೂ ಪ್ಲಗ್ ಸಿಕ್ಕಿಸಿದರು. ಸರಿಯಾಗಿದೆಯೋ ಎಂದು ಒಮ್ಮೆ ತೆರೆದು ನೋಡುವ ಆಸೆಯಾಯಿತು. ಪಿನ್ ಇಡೀ ಮನೆಗೇ ಗೊತ್ತು. ಒತ್ತುವಾಗ ಗಟ್ಟಿಯಾಗಿ ಹೇಳಿಕೊಳ್ಳುವುದು ದೀಕ್ಷಿತಾಳ ಅಭ್ಯಾಸ. ತೆರೆದದ್ದೇ ತಡ, ಪೆಟ್ಟಿಗೆ ಸಂಗೀತ ಶುರುಮಾಡಿತು. ನಿಲ್ಲಿಸಲು ಎಲ್ಲೋ ಒತ್ತಿದರು. ಪರದೆಯ ಮೇಲೆ ಟೈ ಕಟ್ಟಿದ ಒಬ್ಬ ಹುಡುಗ ಬಂದ.

"ನಮಸ್ಕಾರ ಅಂಕಲ್, ನಾನು ಆಫೀಸಿನಿಂದ ಶೋಧನ್, ದೀಕ್ಷಿತಾ ಅವರ ಮ್ಯಾನೇಜರ್. ಆನ್‌ಲೈನ್ ಕಂಡಿತು, ಅದಕ್ಕೆ ಮಾಡಿದೆ. ಲ್ಯಾಪ್‌ಟಾಪ್ ಅಪ್‌ಡೇಟ್ ಆಗುವಾಗ ಹಾಳಾಗಿದೆಯಂತೆ?"

ಪ್ಲಗ್ ಕಿತ್ತ ಸುದ್ದಿ ಮಂಗಳೂರಿಗೆ ಮುಟ್ಟಿದ್ದು ಹೇಗೆ? ಈ ಯಂತ್ರವೇ ಚಾಡಿ ಹೇಳಿರಬೇಕು.

"ಹಾಗೆ ಹೇಳಿದವರು ಯಾರು?" ಎಂದರು ಶೆಟ್ಟರು ಧ್ವನಿ ಏರಿಸಿ. "ಶುದ್ಧ ಸುಳ್ಳು. ಇದಕ್ಕೆ ಏನೂ ಆಗಿಲ್ಲ. ಬೆಳಗ್ಗಿನಿಂದ ನಾನು ಇದರ ಎದುರೇ ಕೂತಿದ್ದೇನೆ. ಒಂದು ನಿಮಿಷವೂ ಆಫ್ ಆಗಿಲ್ಲ. ಬೇಕಾದರೆ ನಾನು ಎಲ್ಲಿ ಬೇಕಾದರೂ ಬಂದು ಹೇಳ್ತೇನೆ."

ಹಾಗಾದರೆ ದೀಕ್ಷಿತಾ ಎಲ್ಲಿ ಎಂದು ಹುಡುಗ ಮೆಲ್ಲಗೆ ಕೇಳಿದ. ಅವಳು ಮೆಹಂದಿಗೆ ಹೋಗಿದ್ದಾಳೆ, ನಾಳೆ ಮದುವೆ, ನೀವೂ ಬನ್ನಿ ಎಂದರು ಶೆಟ್ಟರು. ಗಂಡಾಂತರ ದಾಟಿದ ಸಂತೋಷದಲ್ಲಿ ನಿಮ್ಮ ಊರು ಯಾವುದು, ಮನೆ ಯಾವುದು ಎಂದು ವಿಚಾರಿಸಿದರು. ಬಂಟ್ವಾಳ ಎಂದು ತಿಳಿದ ಮೇಲಂತೂ ಅವನ ಸೋದರಮಾವನವರೆಗೂ ಹೋಗಿ, ದೂರದ ಒಂದು ಸಂಬಂಧ ಹಿಡಿದುಕೊಂಡೇ ಬಿಟ್ಟರು. ಕರೆ ಮುಗಿಯುವಾಗ ಅವರಿಗೆ ಸೊಸೆಯ ಕೆಲಸ ಕಾಯಂ ಆದಷ್ಟೇ ಖುಷಿ.

ಮುಸ್ಸಂಜೆಗೆ ದೀಕ್ಷಿತಾ ಬಂದಳು. ಮೊಣಕೈವರೆಗೆ ಹಸಿ ಮೆಹಂದಿ, ಎರಡೂ ಕೈ ಮುಂದೆ ಚಾಚಿ, ಪೊಲೀಸರಿಗೆ ಶರಣಾದವಳ ಹಾಗೆ ಬಾಗಿಲಲ್ಲಿ ನಿಂತಳು.

"ಮಾವ, ಶೋಧನ್ ಸರ್ ಹತ್ರ ನೀವು ಏನು ಹೇಳಿದ್ದು?"

"ಲ್ಯಾಪ್‌ಟಾಪ್ ಸರಿ ಉಂಟು ಅಂತ."

"ರಜೆ ಕೇಳಿದ್ದಕ್ಕೆ ಕೊಡಲಿಲ್ಲ ಮಾವ. ಅದಕ್ಕೇ ಅಪ್‌ಡೇಟ್ ಆಗುವಾಗ ಹಾಳಾಯ್ತು ಅಂತ ಬೆಳಿಗ್ಗೆ ಫೋನ್ ಮಾಡಿ ಹೇಳಿದ್ದೆ. ಅತ್ತೆಗೂ ಹೇಳಲಿಲ್ಲ."

ಶೆಟ್ಟರು ಕುರ್ಚಿಯಲ್ಲಿ ಕುಸಿದರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಗುಡುಗು, ಪ್ಲಗ್, ಅಶ್ರಫ್, ಗುರುವಾಯನಕೆರೆ, ಎಲ್ಲ ಹೇಳಿದರು. ನಿಜವಾಗಿಯೂ ಹಾಳಾಗಿತ್ತು ಮಗಾ ಎಂದರು, ಅದೊಂದು ಸಮಾಧಾನದ ಮಾತು ಎಂಬಂತೆ.

ದೀಕ್ಷಿತಾ ಲೆಕ್ಕ ಹಾಕುವವಳ ಹಾಗೆ ಮೇಲೆ ನೋಡಿದಳು. "ಅಂದರೆ ಮಧ್ಯಾಹ್ನದವರೆಗೆ ನಾನು ಹೇಳಿದ್ದು ಸುಳ್ಳು. ಆಮೇಲೆ ಸತ್ಯ. ನೀವು ಅಷ್ಟು ಕಷ್ಟಪಟ್ಟು ರಿಪೇರಿ ಮಾಡಿಸಿ ಪುನಃ ಸುಳ್ಳು ಮಾಡಿದ್ದು."

"ಈಗ ಏನು ಮಾಡುವ?"

"ಊಟದ ಹೊತ್ತಿನೊಳಗೆ ಇವತ್ತಿನ ರಿಪೋರ್ಟ್ ಕಳಿಸಿದರೆ ಕೆಲಸ ಉಂಟಂತೆ. ಇಲ್ಲದಿದ್ದರೆ ಸೋಮವಾರದಿಂದ ಬೇಡವಂತೆ." ಅವಳು ತನ್ನ ಎರಡೂ ಕೈ ನೋಡಿಕೊಂಡಳು. "ಇದನ್ನು ತೊಳೆದರೆ ನಾಳೆ ಮದುವೆಗೆ ಬಿಳಿ ಕೈಯಲ್ಲಿ ಹೋಗಬೇಕು. ಮಾವ, ನಾನು ಹೇಳ್ತೇನೆ, ನೀವು ಒತ್ತಿ."

"ನಾನಾ?"

"ಇಂಗ್ಲಿಷ್ ಅಕ್ಷರ ಗೊತ್ತುಂಟಲ್ಲ? ಮೊದಲು ಡಿ."

ವಾರಿಜಾಕ್ಷಿ ಕನ್ನಡಕ ತಂದು ಗಂಡನ ಮೂಗಿನ ಮೇಲೆ ಇಟ್ಟರು. ಶೆಟ್ಟರು ತೋರುಬೆರಳು ಮುಂದೆ ಮಾಡಿ, ಜಾತ್ರೆಯಲ್ಲಿ ಕಳೆದ ಮಗುವನ್ನು ಹುಡುಕುವಂತೆ ಸಾಲು ಸಾಲು ಹುಡುಕಿ, ಕಡೆಗೆ ಆ ಅಕ್ಷರವನ್ನು ಕಂಡುಹಿಡಿದು ಉಸಿರು ಬಿಗಿಹಿಡಿದು ಒತ್ತಿದರು. ಬೆರಳು ಎತ್ತಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಪರದೆಯ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಕೆಳಗಿನ ಸಾಲಿಗೆ, ಬೆಲ್ಲ ಕಂಡ ಇರುವೆಗಳ ಹಾಗೆ ಡಿಗಳು ಹೊರಟವು.