ಕಚೇರಿ ಮುಚ್ಚಿದ್ದು ಯಾವ ಪಕ್ಷ?

ತಪ್ಪು ಯಾರದು ಎಂದು ಕಂಡುಹಿಡಿಯುವುದರಲ್ಲಿ ನನಗೆ ಚಿಕ್ಕಂದಿನಿಂದಲೂ ಒಳ್ಳೆಯ ಕೈಗುಣವಿದೆ. ಹಾಲು ಉಕ್ಕಿದರೆ ಒಲೆಯದು, ಬಸ್ಸು ತಪ್ಪಿದರೆ ಗಡಿಯಾರದ್ದು, ಗಣಿತದಲ್ಲಿ ಫೇಲಾದಾಗ ಪ್ರಶ್ನೆಪತ್ರಿಕೆ ತೆಗೆದವರದು. "ನಿಮಗೆ ಜಡ್ಜ್ ಕೆಲಸ ಕೊಡಬೇಕಿತ್ತು ನೋಡ್ರಿ, ಒಂದು ತಪ್ಪೂ ನಮ್ಮನಿ ಹೊಸಲು ದಾಟಿ ಒಳಗೆ ಬರ್ತಿರಲಿಲ್ಲ" ಎಂದು ನನ್ನ ಹೆಂಡತಿ ಹೇಳುವುದುಂಟು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ. ಇಂಥವನಿಗೆ ಸರ್ಕಾರವೇ ಬಾಗಿಲು ಹಾಕಿಕೊಂಡ ಕಾಲ ಒದಗಿ ಬಂದರೆ ಕೇಳಬೇಕೆ?

ದಿಲ್ಲಿಯಲ್ಲಿ ಸರ್ಕಾರಗಳು ಮೇಲಿಂದ ಮೇಲೆ ಬೀಳುತ್ತಿದ್ದ ವರ್ಷಗಳು ಅವು. ದಾವಣಗೆರೆ ಜಿಲ್ಲೆಯಾಗಿ ಬೋರ್ಡುಗಳ ಬಣ್ಣ ಇನ್ನೂ ಆರಿರಲಿಲ್ಲ. ನಾನು ದಾವಣಗೆರೆಯಿಂದ ದಿನವೂ ಡಬ್ಬಿ ಚೀಲ ಹಿಡಿದು ಹರಿಹರಕ್ಕೆ ಹೋಗಿ, ಅಲ್ಲಿನ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ, ನನ್ನ ಪಿಂಚಣಿ ಇನ್ನೂ ಬರುತ್ತಿದೆ. ಆ ವರ್ಷ ನೌಕರರು ಮುಷ್ಕರ ಹೂಡಿ ಐದು ದಿನ ಕಚೇರಿಗಳು ಮುಚ್ಚಿದವು. ವಿರೋಧ ಪಕ್ಷದವರು ನೌಕರರ ಕಿವಿ ಊದಿದರು ಎಂದು ಆಳುವ ಪಕ್ಷದವರು ಹೇಳಿದರು. ವಿರೋಧ ಪಕ್ಷದವರು, ಆಳುವವರಿಗೆ ಕಿವಿಯೇ ಇಲ್ಲ ಎಂದರು. ನಮ್ಮ ಸಂಘದಲ್ಲಿ ನಾನೂ ಒಬ್ಬ ಪುಟ್ಟ ಪದಾಧಿಕಾರಿ. ಭಾಷಣಕ್ಕೆ ಯಾರೂ ಕರೆಯದಿದ್ದರೂ ಮಾಡಲು ಸದಾ ಸಿದ್ಧನಿದ್ದೆ.

ಐದನೆಯ ದಿನ ರಾತ್ರಿ ಮುಷ್ಕರ ಮುಗಿಯಿತೆಂದು ರೇಡಿಯೋ ಹೇಳಿತು. ಮರುದಿನ ಬೆಳಿಗ್ಗೆ ಹರಿಹರಕ್ಕೆ ಹೋಗಿ ನೋಡಿದರೆ ಕಚೇರಿಗೆ ಬೀಗ! ಹೊರಗೆ ನಲವತ್ತು ಐವತ್ತು ಜನ. ಬಾಗಿಲು ತೆಗೆಯಬೇಕಾದ ಜವಾನ ಬಸಣ್ಣ ಹದಡಿಯ ಅತ್ತೆಮನೆಗೆ ಹೋದವನು ಇನ್ನೂ ಬಂದಿರಲಿಲ್ಲ. ಬೀಗ ಒಡೆಸೋಣವೇ ಎಂದು ಸಾಹೇಬರನ್ನು ಕೇಳಿದೆ. "ಸರ್ಕಾರಿ ಬೀಗ ಒಡೆಯಾಕ ಲಿಖಿತ ಆದೇಶ ಬೇಕ್ರಿ. ಆದೇಶ ಟೈಪ್ ಮಾಡೋ ಮಿಷನ್ನು ಒಳಗೈತೆ" ಎಂದು ಅವರು ಜೀಪಿನಲ್ಲಿ ಕೂತು ಪೇಪರು ಬಿಡಿಸಿದರು. ನಾನು ಡಬ್ಬಿ ಚೀಲವನ್ನು ಬಾಗಿಲಿನ ಚಿಲಕಕ್ಕೆ ನೇತುಹಾಕಿ, ಕೈ ಬಿಡುವಾಯಿತೆಂದು ಜನರ ಕಡೆ ತಿರುಗಿದೆ.

ಅಲ್ಲಿ ಆಗಲೇ ಎರಡು ಪಂಗಡಗಳಾಗಿದ್ದವು. ಬೇವಿನ ಮರದ ಕೆಳಗಿದ್ದವರು ತಪ್ಪು ಆಳುವ ಪಕ್ಷದ್ದು ಎನ್ನುತ್ತಿದ್ದರು. ಕಾಂಪೌಂಡ್ ಗೋಡೆಯ ನೆರಳಿಗೆ ನಿಂತವರು ವಿರೋಧ ಪಕ್ಷದ್ದು ಎನ್ನುತ್ತಿದ್ದರು. ಗೋಡೆಯ ಕಡೆಯ ಮುಖಂಡ ಮಿರ್ಚಿ ಅಂಗಡಿಯ ರುದ್ರಪ್ಪ. ಮರದ ಕಡೆ ಮುಖಂಡರಿರಲಿಲ್ಲ. ನಾನು ಹೋಗಿ ಆ ಕೊರತೆ ತುಂಬಿದೆ. ಎರಡು ಗಂಟೆ ಹೊತ್ತು ಮಾತಾಡಿರಬೇಕು. ಹನ್ನೆರಡರ ಹೊತ್ತಿಗೆ ಗೋಡೆಯ ಕಡೆಯವರು ಒಬ್ಬೊಬ್ಬರಾಗಿ ನಮ್ಮ ಕಡೆ ಬರತೊಡಗಿದರು. ಕೊನೆಗೆ ರುದ್ರಪ್ಪನೂ ಬಂದ. ನನ್ನ ವಾದದ ಬಲ ಎಂದು ಎದೆಯುಬ್ಬಿಸಿದೆ. ಗೋಡೆಯ ನೆರಳು ಮುಗಿದಿದ್ದು ನನ್ನ ಗಮನಕ್ಕೆ ಬಂದದ್ದು ಆಮೇಲೆ.

ಈ ಜನಾಭಿಪ್ರಾಯದಲ್ಲಿ ಸೇರದೆ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದಳು. ಕೊಂಡಜ್ಜಿಯ ಗಂಗಮ್ಮ. ಮಗಳನ್ನು ನರ್ಸ್ ತರಬೇತಿಗೆ ಸೇರಿಸಲು ವಾಸಸ್ಥಳದ ಸರ್ಟಿಫಿಕೇಟ್ ಬೇಕಿತ್ತು. ಅರ್ಜಿಯನ್ನು ದಾವಣಗೆರೆಯಲ್ಲಿ ಕೊಡಲು ಅಂದೇ ಕೊನೆಯ ದಿನ, ಸಂಜೆ ಐದರೊಳಗೆ. ಮುಷ್ಕರದ ಐದು ದಿನವೂ ಬಂದು ಬೀಗ ನೋಡಿಕೊಂಡು ಹೋಗಿದ್ದಳಂತೆ.

"ಯಮ್ಮಾ, ನೀನು ಹೇಳು, ಯಾವ ಪಕ್ಷದ್ದು ತಪ್ಪು?" ಎಂದು ರುದ್ರಪ್ಪ ಕೇಳಿದ.

"ಯಾವ ಪಕ್ಷದ್ದಾರ ಆಗ್ಲಪ್ಪ, ಕೀಲಿಕೈ ಯಾರತ್ರ ಐತೆ, ಅದನ್ನ ಹೇಳ್ರಿ" ಎಂದಳು.

ಇಂಥ ಸಣ್ಣ ಪ್ರಶ್ನೆಯಿಂದ ದೊಡ್ಡ ಚರ್ಚೆ ಹಾಳಾಗುತ್ತದೆ. "ಸಮಸ್ಯೆ ಕೀಲಿಕೈಯದ್ದಲ್ಲಮ್ಮ, ಆಡಳಿತದ್ದು" ಎಂದು ನಾನು ತಿಳಿಹೇಳಿದೆ. ಒಂದು ಗಂಟೆಗೆ ಅಭಿಮಾನಿಗಳು ಮಂಡಕ್ಕಿ ಮಿರ್ಚಿ ತರಿಸಿದ್ದರಿಂದ ಡಬ್ಬಿ ಬಿಚ್ಚುವ ಪ್ರಮೇಯವೂ ಬರಲಿಲ್ಲ.

ಎರಡು ಗಂಟೆಗೆ ಬಸಣ್ಣ ಬೆವರೊರೆಸಿಕೊಳ್ಳುತ್ತ ಬಂದ. "ಏನಯ್ಯಾ, ನಿನ್ನಿಂದ ಇಡೀ ಸರ್ಕಾರ ನಿಂತೈತಲ್ಲೋ! ಕೀಲಿಕೈ ತೆಗಿ" ಎಂದು ಎಲ್ಲರಿಗೂ ಕೇಳಿಸುವಂತೆ ಗದರಿದೆ.

ಅವನು ಕಣ್ಣುಕಣ್ಣು ಬಿಟ್ಟ. "ನೀವಾ ಇಸ್ಕಂಡ್ರಲ್ರಿ ಸಾರ್, ಮುಷ್ಕರದ ಹಿಂದಿನ ದಿನ! 'ನೀನು ಮೆತ್ತಗಿನ ಮನುಷ್ಯ, ಸಾಹೇಬರು ತೆಗಿ ಅಂದ್ರೆ ಬಾಗಿಲು ತೆಗದ್ಬಿಡ್ತಿ. ಹೋರಾಟದ ಕೀಲಿಕೈ ನನ್ನತ್ರ ಇರ್ಲಿ' ಅಂದು ಡಬ್ಬಿ ಚೀಲಕ್ಕೆ ಹಾಕ್ಕಂಡ್ರಿ."

ಐವತ್ತು ಜನರ ಕಣ್ಣು ಬಾಗಿಲ ಕಡೆ ಹೊರಳಿತು. ಬೀಗದ ಪಕ್ಕದಲ್ಲೇ ನನ್ನ ಡಬ್ಬಿ ಚೀಲ ಬೆಳಗಿನಿಂದ ತೂಗುತ್ತಿತ್ತು. ಹೋಗಿ ಕೈ ಹಾಕಿದೆ. ಡಬ್ಬಿಯ ಅಡಿಯಲ್ಲಿ ತಣ್ಣಗೆ ಸಿಕ್ಕಿತು. ಆಗ ಆದ ನಾಚಿಕೆ ಇವತ್ತಿಗೂ ಹೋಗಿಲ್ಲ. ಜನ ನಕ್ಕದ್ದಕ್ಕಲ್ಲ, ಗಂಗಮ್ಮ ನಗಲಿಲ್ಲ, ಅದಕ್ಕೆ. ಅವಳು ಆಕಾಶ ನೋಡಿ ಹೊತ್ತು ಎಷ್ಟಾಯಿತೆಂದು ಅಂದಾಜು ಹಾಕುತ್ತಿದ್ದಳು.

ಹದಿನೆಂಟು ವರ್ಷದ ಸೇವೆಯಲ್ಲಿ ನಾನು ಒಂದು ಸರ್ಟಿಫಿಕೇಟನ್ನು ಹತ್ತು ನಿಮಿಷದಲ್ಲಿ ಬರೆದು, ಸಹಿ ಹಾಕಿಸಿ, ಮೊಹರು ಒತ್ತಿದ್ದು ಅದೊಂದೇ ಸಲ. ಬಸಣ್ಣನನ್ನು ಸೈಕಲ್ ಮೇಲೆ ಮುಂದೆ ಓಡಿಸಿ ಬಸ್ಸು ನಿಲ್ಲಿಸಿದೆ. ಗಂಗಮ್ಮ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟವಳು ಒಂದು ಗಳಿಗೆ ನಿಂತು, "ಸಾರ್, ಮುಂದಿನ ಸಲ ಯಾರಾರ ಮುಚ್ಚಲಿ, ನೀವು ಮಾತ್ರ ಹೊತ್ತಿಗೆ ಸರಿಯಾಗಿ ಉಣ್ರಿ" ಎಂದಳು. ಅರ್ಜಿ ಐದರೊಳಗೆ ಮುಟ್ಟಿತೆಂದು ವಾರದ ಮೇಲೆ ಬಸಣ್ಣನಿಂದ ತಿಳಿದಾಗ ನನಗೆ ಎಷ್ಟು ಹಗುರವಾಯಿತೆಂದು ಹೇಳಲಾರೆ. ಅಂದು ಅವಳು ಹೋದ ಮೇಲೂ ಹೊರಗೆ ಚರ್ಚೆಯೇನೂ ನಿಂತಿರಲಿಲ್ಲ. ನನಗೆ ಕೀಲಿಕೈ ಕೊಡಿಸಿದ್ದು ಯಾವ ಪಕ್ಷ ಎಂದು ರುದ್ರಪ್ಪ ಹೊಸದಾಗಿ ಶುರು ಮಾಡಿದ್ದ.

ಆ ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೆ: ಇನ್ನು ಮೇಲೆ ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳಬೇಕು. ಮನಸ್ಸು ತಿಳಿಯಾಯಿತು. ಮನೆಯಲ್ಲಿ ಹೆಂಡತಿ ಡಬ್ಬಿ ಎತ್ತಿ ನೋಡಿ, "ಇದ್ಯಾಕ್ರಿ, ರೊಟ್ಟಿ ಹಂಗಾ ವಾಪಸ್ ತಂದೀರಿ?" ಎಂದಳು.

"ನಾನೇನು ಮಾಡಲಿ? ಎಲ್ಲಾ ಆ ಆಳುವ ಪಕ್ಷದಿಂದ" ಎಂದೆ.